ಟೋಕಿಯೊದ ಪುಟ್ಟ ಮ್ಯೂಸಿಯಂ: ಸಾಕ್ಷಿಗಳು ಅಗಲಿದ ಮೇಲೆ ಸಾಕ್ಷ್ಯ ಕಾಯುವವರು ಯಾರು?



ಜಪಾನಿನ ರಾಜಧಾನಿ ಟೋಕಿಯೊದ ವಾಸೆದಾ ಎಂಬಲ್ಲಿ ಒಂದು ಸಾಧಾರಣ ಕಟ್ಟಡದ ಮಹಡಿಯ ಮೇಲೆ ಪುಟ್ಟ ಮ್ಯೂಸಿಯಂ ಒಂದಿದೆ. ಒಳಗೆ ಕಾಲಿಡುತ್ತಿದ್ದಂತೆ ಎದುರಾಗುವುದು ಗೋಡೆ ತುಂಬಾ ವೃದ್ಧೆಯರ ಭಾವಚಿತ್ರಗಳು. ಕೊರಿಯಾ, ಚೀನಾ, ತೈವಾನ್, ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಪೂರ್ವ ತಿಮೋರ್, ನೆದರ್ಲ್ಯಾಂಡ್ಸ್, ಹೀಗೆ ಹಲವು ದೇಶಗಳವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೈನ್ಯ ಇವರನ್ನು ತನ್ನ ಸೈನಿಕರ ಲೈಂಗಿಕ ಗುಲಾಮರನ್ನಾಗಿ ಮಾಡಿತ್ತು. ಮ್ಯೂಸಿಯಂನ ಹೆಸರು 'ಯುದ್ಧ ಮತ್ತು ಶಾಂತಿ ಕುರಿತ ಮಹಿಳೆಯರ ಕ್ರಿಯಾಶೀಲ ವಸ್ತುಸಂಗ್ರಹಾಲಯ'. ಚುಟುಕಾಗಿ 'ವಾಮ್' ಎನ್ನುತ್ತಾರೆ. 2005ರ ಆಗಸ್ಟ್‌ನಲ್ಲಿ ಬಾಗಿಲು ತೆರೆದ ಈ ಮ್ಯೂಸಿಯಂಗೆ 2025ಕ್ಕೆ 20 ವರ್ಷ ತುಂಬಿತು.

ಇದನ್ನು ನಡೆಸುವುದಕ್ಕೆ ಸರಕಾರದ ಅನುದಾನವಿಲ್ಲ. ಬೇಕೆಂದು ಕೇಳಿದವರೂ ಅಲ್ಲ. ಸದಸ್ಯರ ಚಂದಾ, ದಾನಿಗಳ ಕೊಡುಗೆ ಮತ್ತು ಸ್ವಯಂಸೇವಕರ ದುಡಿಮೆ, ಈ ಮೂರರ ಬಲದಲ್ಲೇ ಇಷ್ಟು ವರ್ಷ ನಡೆದಿದೆ. ತಮ್ಮ ದೇಶದ ಸೈನ್ಯ ಮಾಡಿದ ತಪ್ಪನ್ನು ತಮ್ಮ ರಾಜಧಾನಿಯಲ್ಲೇ ನೆನಪಿಸುವ ಕೆಲಸ ಇದು. ಜನಪ್ರಿಯವಾಗುವ ಸೇವೆಯಂತೂ ಅಲ್ಲ. ಹಾಗಿದ್ದರೂ ಜನ ಯಾಕೆ ಬರುತ್ತಾರೆ? ಇದರಿಂದ ಸೇವಾಸಂಘಟನೆಗಳಲ್ಲಿ ದುಡಿಯುವ ನಮಗೇನು ಪಾಠವಿದೆ? ಈ ಲೇಖನದಲ್ಲಿ ಅದನ್ನು ಪರಿಶೀಲಿಸೋಣ.

ನಡೆದದ್ದೇನು?

1932ರಲ್ಲಿ ಶಾಂಘೈಯಲ್ಲಿ ಆರಂಭವಾಗಿ 1945ರಲ್ಲಿ ಜಪಾನ್ ಶರಣಾಗುವ ತನಕ, ಜಪಾನಿನ ಸೈನ್ಯ ತಾನು ಹೋದಲ್ಲೆಲ್ಲ 'ಸಾಂತ್ವನ ಕೇಂದ್ರ'ಗಳನ್ನು ತೆರೆಯಿತು. ಅಲ್ಲಿಗೆ ತಂದವರನ್ನು 'ಸಾಂತ್ವನ ಮಹಿಳೆಯರು' ಎಂದು ಕರೆಯಿತು. ಹೆಸರು ಎಷ್ಟು ಮೃದುವೋ ಕೃತ್ಯ ಅಷ್ಟೇ ಕ್ರೂರ. ಕಾರ್ಖಾನೆಯಲ್ಲಿ ಕೆಲಸ, ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ಎಂದು ನಂಬಿಸಿ ಬಡ ಮನೆಗಳ ಹುಡುಗಿಯರನ್ನು ಕೊಂಡೊಯ್ದರು. ಕೆಲವೆಡೆ ಬಲಾತ್ಕಾರವಾಗಿಯೇ ಎಳೆದೊಯ್ದರು. ಅವರಲ್ಲಿ ಎಷ್ಟೋ ಮಂದಿ ಹದಿಹರೆಯದವರು. ಯುದ್ಧ ಮುಗಿಯುವಾಗ ಸೈನ್ಯ ತನ್ನ ಕಡತಗಳನ್ನು ಸುಟ್ಟುಹಾಕಿದ್ದರಿಂದ ನಿಖರ ಸಂಖ್ಯೆ ದೊರೆಯುವುದಿಲ್ಲ. ಇತಿಹಾಸಕಾರರ ಅಂದಾಜು 20 ಸಾವಿರದಿಂದ 2 ಲಕ್ಷದ ತನಕ ಇದೆ. ಅದಕ್ಕೂ ಹೆಚ್ಚೆನ್ನುವವರಿದ್ದಾರೆ.

ಇದು ನಮ್ಮ ದೇಶಕ್ಕೆ ಸಂಬಂಧವಿಲ್ಲದ ಕಥೆಯೇನಲ್ಲ. 1942ರ ಮಾರ್ಚ್‌ನಲ್ಲಿ ಜಪಾನ್ ವಶಪಡಿಸಿಕೊಂಡ ಅಂಡಮಾನ್ ದ್ವೀಪಗಳಲ್ಲೂ ಇಂತಹ ಕೇಂದ್ರಗಳಿದ್ದವು. 1944ರಲ್ಲಿ ಬರ್ಮಾದ ಮಿಚಿನಾ ಪಟ್ಟಣ ಜಪಾನೀಯರ ಕೈತಪ್ಪಿದಾಗ ಸೆರೆಸಿಕ್ಕ 20 ಮಂದಿ ಕೊರಿಯನ್ ಯುವತಿಯರನ್ನು ಅಮೆರಿಕದ ಸೈನ್ಯ ವಿಚಾರಣೆ ನಡೆಸಿದ್ದು ನಮ್ಮ ಅಸ್ಸಾಮಿನ ಲೇಡೊದಲ್ಲಿ. ಆ ವರದಿ ಇಂದಿಗೂ ಈ ವಿಷಯದ ಪ್ರಮುಖ ದಾಖಲೆಗಳಲ್ಲಿ ಒಂದು.

ಐವತ್ತು ವರ್ಷಗಳ ಮೌನ

ಯುದ್ಧ ಮುಗಿದ ಮೇಲೆ ಬದುಕುಳಿದವರು ಊರಿಗೆ ಮರಳಿದರು. ಕೆಲವರು ಮರಳುವ ಧೈರ್ಯ ಮಾಡಲಿಲ್ಲ. ಮನೆಯ ಮರ್ಯಾದೆ, ಮಕ್ಕಳ ಮದುವೆ, ಊರವರ ಬಾಯಿ ಇವುಗಳಿಗೆ ಹೆದರಿ ಹೆಚ್ಚಿನವರು ಬಾಯಿ ಬಿಡಲಿಲ್ಲ. ಅವರ ಬಳಿ ಕೇಳಿದವರೂ ಇರಲಿಲ್ಲ.

ಈ ಮೌನ ಒಡೆಯುವುದರಲ್ಲಿ ಕ್ರೈಸ್ತ ಮಹಿಳೆಯರ ಪಾತ್ರ ದೊಡ್ಡದು. 1980ರ ದಶಕದಲ್ಲಿ ದಕ್ಷಿಣ ಕೊರಿಯಾದ ಚರ್ಚ್ ಮಹಿಳೆಯರ ಒಕ್ಕೂಟವು ವಿದೇಶಿ ಪ್ರವಾಸಿಗರಿಗಾಗಿ ನಡೆಯುತ್ತಿದ್ದ ವೇಶ್ಯಾವಾಟಿಕೆಯ ವಿರುದ್ಧ ದನಿ ಎತ್ತಿತ್ತು. ಅದು 1988ರಲ್ಲಿ ಜೆಜು ದ್ವೀಪದಲ್ಲಿ ಏರ್ಪಡಿಸಿದ ಸಮ್ಮೇಳನದಲ್ಲಿ ಪ್ರಾಧ್ಯಾಪಕಿ ಯುನ್ ಚುಂಗ್-ಓಕ್ ಯುದ್ಧಕಾಲದ ಈ ಹೆಣ್ಣುಮಕ್ಕಳ ಬಗ್ಗೆ ತಾವು ಸಂಗ್ರಹಿಸಿದ ವಿವರಗಳನ್ನು ಮಂಡಿಸಿದರು. 1990ರ ನವೆಂಬರ್‌ನಲ್ಲಿ ಮಹಿಳಾ ಸಂಘಟನೆಗಳು ಒಟ್ಟಾಗಿ ಈ ವಿಷಯಕ್ಕೆಂದೇ ಒಂದು ಮಂಡಳಿ ರಚಿಸಿದವು. 1991ರ ಆಗಸ್ಟ್ 14ರಂದು ಸೋಲ್ ನಗರದಲ್ಲಿ ಕಿಮ್ ಹಾಕ್-ಸುನ್ ಎಂಬ ವೃದ್ಧೆ ತನ್ನ ಸ್ವಂತ ಹೆಸರಿನಲ್ಲಿ, ಮುಖ ಮರೆಮಾಡದೆ ಸಾಕ್ಷ್ಯ ನುಡಿದರು. 1992ರಲ್ಲಿ ಫಿಲಿಪ್ಪೀನ್ಸ್‌ನ ಮರಿಯಾ ರೋಸಾ ಹೆನ್ಸನ್ ಮುಂದೆ ಬಂದರು. ಒಬ್ಬರ ಧೈರ್ಯ ಇನ್ನೊಬ್ಬರಿಗೆ ದಾರಿಯಾಯಿತು.

ಅದೇ ವರ್ಷ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಯಾನ್ ರಫ್ ಓಹರ್ನ್ ಎಂಬ ಕಥೊಲಿಕ್ ಅಜ್ಜಿ ಟಿ.ವಿ.ಯಲ್ಲಿ ಕೊರಿಯಾದ ಈ ಮಹಿಳೆಯರನ್ನು ಕಂಡರು. ಇವರು ಜಾವಾ ದ್ವೀಪದಲ್ಲಿ ಹುಟ್ಟಿದ ಡಚ್ ಮಹಿಳೆ. ಧರ್ಮಭಗಿನಿಯಾಗಬೇಕೆಂಬ ಆಸೆ ಹೊತ್ತಿದ್ದವರು. 1944ರ ಫೆಬ್ರವರಿಯಲ್ಲಿ, 21ರ ಹರೆಯದಲ್ಲಿ, ಅವರನ್ನು ಸೆರೆ ಶಿಬಿರದಿಂದ ಸೆಮರಾಂಗ್ ಎಂಬಲ್ಲಿಗೆ ಕೊಂಡೊಯ್ದರು. ಅಲ್ಲಿ ಪ್ರತಿ ಹುಡುಗಿಗೂ ಒಂದೊಂದು ಹೂವಿನ ಹೆಸರಿಟ್ಟಿದ್ದರು. ಅಂದಿನಿಂದ ಅವರಿಗೆ ಹೂವೆಂದರೆ ಆಗುತ್ತಿರಲಿಲ್ಲ. ಮಕ್ಕಳಿಗೆ ಮಾತ್ರ ಅದರ ಕಾರಣ ಗೊತ್ತಿರಲಿಲ್ಲ.

ಅಲ್ಲಿಂದ ಬಿಡುಗಡೆಯಾಗಿ ಬೇರೆ ಶಿಬಿರಕ್ಕೆ ಬಂದಾಗ ಅವರು ಒಬ್ಬ ಗುರುಗಳ ಬಳಿ ನಡೆದುದೆಲ್ಲವನ್ನೂ ಹೇಳಿಕೊಂಡರು. ಈಗಲೂ ತನಗೆ ಧರ್ಮಭಗಿನಿಯಾಗುವ ಆಸೆಯಿದೆ ಎಂದರು. ಹೀಗೆಲ್ಲ ಆಗಿರುವುದರಿಂದ ಆಗದಿರುವುದೇ ಒಳ್ಳೆಯದು ಎಂಬ ಉತ್ತರ ಬಂತು. ಇದನ್ನು ಅವರೇ ಮುಂದೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆ ಮಾತಿನಿಂದ ಆದ ನೋವನ್ನೂ ಹೇಳಿದ್ದಾರೆ. ಆದರೂ ವಿಶ್ವಾಸ ಬಿಡಲಿಲ್ಲ, ಇಗರ್ಜಿಯನ್ನೂ ಬಿಡಲಿಲ್ಲ. 2002ರಲ್ಲಿ ಪೋಪ್ ದ್ವಿತೀಯ ಜಾನ್ ಪಾವ್ಲ್ ಅವರು ಸಂತ ಸಿಲ್ವೆಸ್ಟರರ ಹೆಸರಿನ ಪದವಿ ನೀಡಿ ಅವರನ್ನು ಗೌರವಿಸಿದರು. 2007ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೆದುರು ಅವರು ಸಾಕ್ಷ್ಯ ನುಡಿದರು. 2019ರ ಆಗಸ್ಟ್‌ನಲ್ಲಿ, 96ರ ಪ್ರಾಯದಲ್ಲಿ ತೀರಿಕೊಂಡರು.

ಆ ಗುರುಗಳು ಕೆಟ್ಟವರೆಂದು ಹೇಳುವುದಕ್ಕಾಗಿ ಇದನ್ನು ಬರೆದದ್ದಲ್ಲ. ನೊಂದವಳು ಕಷ್ಟಪಟ್ಟು ಬಾಯಿ ಬಿಟ್ಟಾಗ ಮೊದಲು ಕೇಳಿಸಿಕೊಳ್ಳುವವರು ಸಾಮಾನ್ಯವಾಗಿ ನಾವೇ, ಅಂದರೆ ಗುರುಗಳು, ಧರ್ಮಭಗಿನಿಯರು, ವಾಳೆಯ ಗುರಿಕಾರರು, ಸಂಘಟನೆಯವರು. ಆ ಕ್ಷಣದಲ್ಲಿ ನಾವು ಆಡುವ ಒಂದು ಮಾತು ಐವತ್ತು ವರ್ಷ ಬಾಯಿ ಮುಚ್ಚಿಸಬಹುದು.

ಒಬ್ಬ ಪತ್ರಕರ್ತೆಯ ಆಸ್ತಿಪತ್ರ

ಟೋಕಿಯೊ ಮ್ಯೂಸಿಯಂನ ಹಿಂದಿರುವ ಹೆಸರು ಮತ್ಸುಯಿ ಯಾಯೊರಿ. ಪ್ರೊಟೆಸ್ಟಂಟ್ ಪಾಸ್ಟರ್ ಒಬ್ಬರ ಮಗಳಾದ ಇವರು ಜಪಾನಿನ ಪ್ರಮುಖ ದೈನಿಕ 'ಅಸಾಹಿ ಶಿಂಬುನ್'ನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವರು. ನಿವೃತ್ತಿಯ ನಂತರ ಇತರರೊಂದಿಗೆ ಸೇರಿ 2000ದ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಯುದ್ಧಾಪರಾಧ ನ್ಯಾಯಮಂಡಳಿಯನ್ನು ಏರ್ಪಡಿಸಿದರು. ಇದು ಸರಕಾರಗಳು ನಡೆಸಿದ್ದಲ್ಲ, ಜನರೇ ನಡೆಸಿದ ವಿಚಾರಣೆ. ಹಲವು ದೇಶಗಳಿಂದ 64 ಮಂದಿ ಸಂತ್ರಸ್ತೆಯರು ಬಂದಿದ್ದರು. ಭಾರತದ ಮಾಜಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಹೆಸರೂ ನ್ಯಾಯಾಧೀಶರ ಪಟ್ಟಿಯಲ್ಲಿತ್ತು, ಅನಾರೋಗ್ಯದಿಂದ ಅವರಿಗೆ ಭಾಗವಹಿಸಲಾಗಲಿಲ್ಲ. 2001ರ ಡಿಸೆಂಬರ್‌ನಲ್ಲಿ ಹೇಗ್ ನಗರದಲ್ಲಿ ಅಂತಿಮ ತೀರ್ಪು ಪ್ರಕಟವಾಯಿತು. ಚಕ್ರವರ್ತಿ ಹಿರೊಹಿತೊ ಸಹಿತ ಅಂದಿನ ನಾಯಕರು ತಪ್ಪಿತಸ್ಥರು ಎಂದು ಅದು ಸಾರಿತು. ಶಿಕ್ಷೆ ವಿಧಿಸುವ ಅಧಿಕಾರ ಅದಕ್ಕಿರಲಿಲ್ಲ. ಆದರೆ ತಪ್ಪು ಯಾರದು ಎಂಬುದನ್ನು ಸಂತ್ರಸ್ತೆಯರು ತಮ್ಮ ಕಿವಿಯಾರೆ ಕೇಳಿಸಿಕೊಂಡರು.

2002ರಲ್ಲಿ ಮತ್ಸುಯಿಯವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಉಳಿದಿದ್ದ ಕೆಲವೇ ವಾರಗಳಲ್ಲಿ ಅವರು ನ್ಯಾಯಮಂಡಳಿಯ ದಾಖಲೆಗಳನ್ನೂ ಸಾಕ್ಷ್ಯಗಳನ್ನೂ ಕಾಪಾಡಲು ಒಂದು ಮ್ಯೂಸಿಯಂ ಬೇಕೆಂದು ಗೆಳತಿಯರಲ್ಲಿ ಹೇಳಿ, ತಮ್ಮ ಆಸ್ತಿಯನ್ನು ಅದಕ್ಕಾಗಿ ಬಿಟ್ಟುಕೊಟ್ಟರು. ಆ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಉಳಿದ ಹಣವನ್ನು ಸಹೃದಯರಿಂದ ಸಂಗ್ರಹಿಸಿ ಮೂರು ವರ್ಷ ತುಂಬುವ ಮೊದಲೇ ಮ್ಯೂಸಿಯಂ ತೆರೆಯಲಾಯಿತು.

ಮ್ಯೂಸಿಯಂ ಆರಂಭದಲ್ಲೇ ತನಗೆ ಕೆಲವು ನಿಯಮಗಳನ್ನು ಹಾಕಿಕೊಂಡಿತು. ಸಂತ್ರಸ್ತೆಯರ ನೋವನ್ನು ತೋರಿಸಿ ಸುಮ್ಮನಾಗದೆ ತಪ್ಪಿತಸ್ಥರ ಹೊಣೆಯನ್ನೂ ಸ್ಪಷ್ಟಪಡಿಸಬೇಕು. ಸರಕಾರದ ಹಂಗಿಗೆ ಒಳಗಾಗಬಾರದು. ದೇಶದ ಗಡಿ ಮೀರಿ ಸಂತ್ರಸ್ತೆಯರೊಂದಿಗೆ ನಿಲ್ಲಬೇಕು. ಸ್ವಯಂಸೇವಕರ ದಿನನಿತ್ಯದ ಕೆಲಸ ಇದಕ್ಕೆ ಹೊಂದಿಕೊಂಡೇ ಇದೆ. ಬಾಗಿಲಲ್ಲಿ ಕುಳಿತು ಬಂದವರನ್ನು ಸ್ವಾಗತಿಸುವುದು, ಫಲಕಗಳನ್ನು ಸಿದ್ಧಪಡಿಸುವುದು, ಸಾಕ್ಷ್ಯಗಳನ್ನು ಅನುವಾದಿಸುವುದು, ಕಾಗದಪತ್ರಗಳನ್ನು ವಿಂಗಡಿಸಿ ಇಡುವುದು. ಪೂರ್ವ ತಿಮೋರ್, ಒಕಿನಾವಾ, ಫಿಲಿಪ್ಪೀನ್ಸ್ ಎಂದು ಒಂದೊಂದು ಪ್ರದೇಶವನ್ನು ಆರಿಸಿ ಪ್ರದರ್ಶನ ಏರ್ಪಡಿಸುತ್ತಾರೆ. 2007ರಲ್ಲಿ ಶಾಲಾ ಮಕ್ಕಳಿಗೆ ಅರ್ಥವಾಗುವಂತೆ ವಿಶೇಷ ಪ್ರದರ್ಶನ ಮಾಡಿದರು. ಅದೇ ವರ್ಷ ಅಂತರರಾಷ್ಟ್ರೀಯ ಕಥೊಲಿಕ್ ಶಾಂತಿ ಸಂಘಟನೆ 'ಪಾಕ್ಸ್ ಕ್ರಿಸ್ತಿ' ತನ್ನ ಶಾಂತಿ ಪ್ರಶಸ್ತಿಯನ್ನು ಈ ಮ್ಯೂಸಿಯಂಗೆ ನೀಡಿತು.

ಇಷ್ಟು ಕಾವಲು ಯಾಕೆ ಬೇಕು?

'ಹಳೆಯ ವಿಷಯ, ಇನ್ನೆಷ್ಟು ಕಾಲ ಕೆದಕುವುದು?' ಎಂದು ಕೇಳುವವರಿದ್ದಾರೆ. ಉತ್ತರ ಘಟನೆಗಳಲ್ಲೇ ಇದೆ. ಈ ಕೇಂದ್ರಗಳನ್ನು ನಡೆಸಿದ್ದು ಖಾಸಗಿ ವ್ಯಾಪಾರಿಗಳು, ಸೈನ್ಯವಲ್ಲ ಎಂದು ಜಪಾನ್ ಸರಕಾರ ಮೊದಲು ಹೇಳಿತ್ತು. 1992ರ ಜನವರಿಯಲ್ಲಿ ಇತಿಹಾಸಕಾರ ಯೊಶಿಮಿ ಯೊಶಿಅಕಿ ರಕ್ಷಣಾ ಇಲಾಖೆಯ ಗ್ರಂಥಾಲಯದಲ್ಲೇ ಸಿಕ್ಕ ಸೈನ್ಯದ ದಾಖಲೆಗಳನ್ನು ಬೆಳಕಿಗೆ ತಂದ ಮೇಲೆ ಆ ಮಾತು ನಿಲ್ಲಲಿಲ್ಲ. 1993ರ ಆಗಸ್ಟ್‌ನಲ್ಲಿ ಸಚಿವ ಕೊನೊ ಯೊಹೇಯಿ ಸರಕಾರದ ಪರವಾಗಿ ಸೈನ್ಯದ ಪಾತ್ರವನ್ನು ಒಪ್ಪಿ ಕ್ಷಮೆ ಕೋರಿದರು. 1997ರ ವೇಳೆಗೆ ಶಾಲಾ ಇತಿಹಾಸ ಪುಸ್ತಕಗಳಲ್ಲೂ ಈ ವಿಷಯ ಸೇರಿತು. ಆದರೆ ನಂತರದ ವರ್ಷಗಳಲ್ಲಿ ಪಠ್ಯಗಳಿಂದ ಅದು ಒಂದೊಂದಾಗಿ ಮಾಯವಾಗುತ್ತಾ ಬಂತು. 2015ರ ಡಿಸೆಂಬರ್‌ನಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯಾ ಸರಕಾರಗಳು ವಿಷಯ ಇಲ್ಲಿಗೆ ಮುಗಿಯಿತೆಂದು ಒಪ್ಪಂದ ಮಾಡಿಕೊಂಡವು. ಜಪಾನ್ 100 ಕೋಟಿ ಯೆನ್ ಕೊಟ್ಟಿತು. ಸಂತ್ರಸ್ತೆಯರಲ್ಲಿ ಕೆಲವರು ಹಣ ಸ್ವೀಕರಿಸಿದರು. ನಮ್ಮನ್ನು ಕೇಳದೆ ನಮ್ಮ ವಿಷಯ ಮುಗಿಸಲು ಇವರು ಯಾರು ಎಂದು ಉಳಿದವರು ಪ್ರತಿಭಟಿಸಿದರು.

2016ರಲ್ಲಿ ಟೋಕಿಯೊ ಮ್ಯೂಸಿಯಂಗೆ ಸ್ಫೋಟಿಸುವ ಬೆದರಿಕೆ ಪತ್ರ ಬಂತು. ಅದೇ ವರ್ಷ ಎಂಟು ದೇಶಗಳ ಸಂಘಟನೆಗಳು ಸೇರಿ ಈ ಸಾಕ್ಷ್ಯಗಳನ್ನು ಯುನೆಸ್ಕೋದ 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಲು ಕೋರಿದವು. 2017ರ ಅಕ್ಟೋಬರ್‌ನಲ್ಲಿ ಯುನೆಸ್ಕೋ ಅದನ್ನು ಮುಂದೂಡಿತು. 2018ರ ಏಪ್ರಿಲ್‌ನಲ್ಲಿ ಮನಿಲಾದ ಸಮುದ್ರತೀರದ ರಸ್ತೆಯಿಂದ ಇಂತಹ ಸಂತ್ರಸ್ತೆಯ ಪ್ರತಿಮೆಯೊಂದನ್ನು ರಾತ್ರೋರಾತ್ರಿ ತೆಗೆಯಲಾಯಿತು. ಅದಕ್ಕೆ ಜಾಗ ಕೊಡಲು ಮುಂದೆ ಬಂದದ್ದು ನಿತ್ಯಸಹಾಯ ಮಾತೆಯ ನೊವೇನಕ್ಕೆ ಹೆಸರಾದ ಬಾಕ್ಲಾರನ್ ಪುಣ್ಯಕ್ಷೇತ್ರ. ಆದರೆ 2019ರ ಆಗಸ್ಟ್‌ನಲ್ಲಿ ಸ್ಥಾಪನೆಯ ಸಮಯಕ್ಕೆ ಪ್ರತಿಮೆಯೇ ಕಾಣೆಯಾಗಿತ್ತು. ನೆನಪಿನ ಫಲಕವನ್ನು ಮಾತ್ರ ಅನಾವರಣ ಮಾಡಬೇಕಾಯಿತು.

ಅಡ್ಡಿ ಹೊರಗಿನಿಂದಲೇ ಬರಬೇಕೆಂದಿಲ್ಲ

ಕೊರಿಯಾದ ಸೋಲ್ ನಗರದಲ್ಲಿಯೂ ಇಂತಹದೇ ಮ್ಯೂಸಿಯಂ ಇದೆ. ಮೊದಲು ಅದನ್ನು ಸ್ವಾತಂತ್ರ್ಯ ಹೋರಾಟಗಾರರ ಸ್ಮಾರಕವಿರುವ ಉದ್ಯಾನದಲ್ಲಿ ಕಟ್ಟುವ ಯೋಜನೆಯಿತ್ತು. ಅದಕ್ಕೆ ವಿರೋಧ ಬಂದದ್ದು ಜಪಾನಿನಿಂದಲ್ಲ. ಹುತಾತ್ಮರ ಪಕ್ಕದಲ್ಲಿ ಈ ಮಹಿಳೆಯರ ಸ್ಮಾರಕ ಬಂದರೆ ಹುತಾತ್ಮರಿಗೆ ಅವಮಾನ ಎಂದು 2008ರಲ್ಲಿ ತಕರಾರು ಎತ್ತಿದವರು ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರರ ಸಂಘದವರೇ. ಹಿಂಸೆಗೆ ಒಳಗಾದವಳೇ ಮೈಲಿಗೆಯಾದವಳು ಎಂಬ ಭಾವನೆ ಎಷ್ಟು ಆಳದಲ್ಲಿದೆ ನೋಡಿ. ಕೊನೆಗೆ ಜನವಸತಿ ಪ್ರದೇಶದಲ್ಲಿ ಒಂದು ಮನೆಯನ್ನು ಕೊಂಡು, ದಾನಿಗಳ ಹಣದಿಂದ ಅದನ್ನೇ ಮ್ಯೂಸಿಯಂ ಆಗಿ ಮಾರ್ಪಡಿಸಿ, 2012ರ ಮೇ 5ರಂದು ತೆರೆಯಲಾಯಿತು.

ಅದೇ ವರ್ಷದ ಮಾರ್ಚ್‌ನಲ್ಲಿ ಕಿಮ್ ಬೋಕ್-ಡೋಂಗ್ ಮತ್ತು ಗಿಲ್ ವೋನ್-ಓಕ್ ಎಂಬ ಇಬ್ಬರು ಸಂತ್ರಸ್ತೆಯರು ಒಂದು ಮಾತು ಹೇಳಿದ್ದರು. ಜಪಾನ್ ಸರಕಾರದಿಂದ ಪರಿಹಾರ ಸಿಕ್ಕರೆ ಅದನ್ನು ಕಾಂಗೋದಂತಹ ದೇಶಗಳಲ್ಲಿ ಯುದ್ಧದ ವೇಳೆ ಅತ್ಯಾಚಾರಕ್ಕೊಳಗಾದ ಹೆಣ್ಣುಮಕ್ಕಳಿಗೆ ಕೊಡುತ್ತೇವೆ ಎಂದು. ಹೀಗೆ 'ಚಿಟ್ಟೆ ನಿಧಿ' ಹುಟ್ಟಿತು. 2014ರ ಆಗಸ್ಟ್ 18ರಂದು ಸೋಲ್‌ನ ಮ್ಯೊಂಗ್‌ಡೊಂಗ್ ಪ್ರಧಾನ ದೇವಾಲಯದಲ್ಲಿ ಬಲಿಪೂಜೆಗೆ ಮೊದಲು ಪೋಪ್ ಫ್ರಾನ್ಸಿಸ್ ಅವರು ಮುಂದಿನ ಸಾಲಿನಲ್ಲಿದ್ದ ಏಳು ಮಂದಿ ಸಂತ್ರಸ್ತೆಯರ ಕೈ ಹಿಡಿದು ಮಾತನಾಡಿಸಿದರು. ಕಿಮ್ ಬೋಕ್-ಡೋಂಗ್ ಕೊಟ್ಟ ಚಿಟ್ಟೆಯ ಪಿನ್ನನ್ನು ಧರಿಸಿಯೇ ಪೂಜೆ ಅರ್ಪಿಸಿದರು. ಮರಳುವಾಗ ವಿಮಾನದಲ್ಲಿ ಪತ್ರಕರ್ತರೊಂದಿಗೆ ಮಾತನಾಡುತ್ತಾ, ಇಷ್ಟೆಲ್ಲ ಅನುಭವಿಸಿದರೂ ಈ ಮಹಿಳೆಯರು ತಮ್ಮ ಘನತೆ ಕಳೆದುಕೊಂಡಿಲ್ಲ ಎಂದರು. 1940ರ ದಶಕದಲ್ಲಿ ಯಾನ್ ಅವರಿಗೆ ಸಿಗದೇ ಹೋದ ಮಾತು ಇದು.

ಮರೆಮಾಚಬಾರದ ಪಾಠ

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2020ರ ಮೇ ತಿಂಗಳಲ್ಲಿ ಲೀ ಯೊಂಗ್-ಸೂ ಎಂಬ ಸಂತ್ರಸ್ತೆ ಪತ್ರಿಕಾಗೋಷ್ಠಿ ಕರೆದು, ಸೋಲ್‌ನ ಮಂಡಳಿ ತಮ್ಮ ಹೆಸರಿನಲ್ಲಿ ಹಣ ಸಂಗ್ರಹಿಸಿ ತಮಗಾಗಿ ಖರ್ಚು ಮಾಡುತ್ತಿಲ್ಲ, ತಮ್ಮನ್ನು ಬಳಸಿಕೊಂಡಿದೆ ಎಂದು ಆಪಾದಿಸಿದರು. ಪ್ರಕರಣ ಕೋರ್ಟಿಗೆ ಹೋಯಿತು. ಮಂಡಳಿಯ ಮಾಜಿ ಮುಖ್ಯಸ್ಥೆ ದೇಣಿಗೆ ಹಣ ದುರುಪಯೋಗ ಮಾಡಿದ್ದಾರೆಂದು 2024ರ ನವೆಂಬರ್‌ನಲ್ಲಿ ದೇಶದ ಸುಪ್ರೀಂ ಕೋರ್ಟ್ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಯನ್ನು ಖಾಯಂಗೊಳಿಸಿತು. 2025ರ ಆಗಸ್ಟ್‌ನಲ್ಲಿ ಅವರಿಗೆ ಅಧ್ಯಕ್ಷರ ಕ್ಷಮಾದಾನ ದೊರೆಯಿತು. ವಾದವಿವಾದ ಇನ್ನೂ ತಣಿದಿಲ್ಲ.

ಸೋಲ್ ಸಮೀಪದ 'ಹಂಚಿಕೆಯ ಮನೆ' ಎಂಬ ಆಶ್ರಯಧಾಮದಲ್ಲಿ ಸಂತ್ರಸ್ತೆಯರು ವಾಸವಾಗಿದ್ದರು. ಅದರ ಆವರಣದಲ್ಲಿ 1998ರಿಂದ ಮ್ಯೂಸಿಯಂ ಕೂಡ ಇದೆ. 2020ರಲ್ಲಿ ಅಲ್ಲಿನ ಸಿಬ್ಬಂದಿಯೇ ಅವ್ಯವಹಾರವನ್ನು ಬಯಲಿಗೆಳೆದರು. ಪ್ರಾಂತೀಯ ಸರಕಾರ ನೇಮಿಸಿದ ತನಿಖಾ ತಂಡದ ಪ್ರಕಾರ 2015ರಿಂದ 2019ರ ತನಕ ಸುಮಾರು 880 ಕೋಟಿ ವೋನ್ ದೇಣಿಗೆ ಬಂದಿತ್ತು. ವೃದ್ಧೆಯರಿದ್ದ ಮನೆಗೆ ತಲುಪಿದ್ದು ಸುಮಾರು 20 ಕೋಟಿ ವೋನ್ ಮಾತ್ರ.

ಇತಿಹಾಸವನ್ನೇ ಅಲ್ಲಗಳೆಯುವವರಿಗೆ ಇದೊಂದು ಹಬ್ಬವಾಯಿತು. ನೋಡಿ, ಎಲ್ಲವೂ ಸುಳ್ಳು ಎಂದರು. ಲೆಕ್ಕ ತಪ್ಪಿದ್ದರಿಂದ ಸಾಕ್ಷ್ಯ ಸುಳ್ಳಾಗುವುದಿಲ್ಲ ಎಂಬುದು ನಿಜ. ಆದರೆ ಸಂಘಟನೆಯ ಲೆಕ್ಕಪತ್ರ ನೇರವಿಲ್ಲದಿದ್ದರೆ ಅದರ ಪೆಟ್ಟು ಬೀಳುವುದು ಸಂತ್ರಸ್ತೆಯರ ಮೇಲೆಯೇ. ಒಳಗಿನ ತಪ್ಪು ಹೊರಗೆ ಹೇಳಿದರೆ ಕೆಲಸಕ್ಕೇ ಕುಂದು ಎಂದು ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ನಮ್ಮಲ್ಲೂ ಇಲ್ಲವೆನ್ನುವಂತಿಲ್ಲ. ಆಶ್ರಯಧಾಮದ ಆ ಸಿಬ್ಬಂದಿ ದ್ರೋಹಿಗಳಲ್ಲ. ಆ ವೃದ್ಧೆಯರಿಗೆ ನಿಜವಾದ ಸೇವೆ ಮಾಡಿದವರು ಅವರೇ.

ಮುಂದೇನು?

ಕೊರಿಯಾ ಸರಕಾರದಲ್ಲಿ ನೋಂದಾಯಿಸಿಕೊಂಡ ಸಂತ್ರಸ್ತೆಯರು 240 ಮಂದಿ. 2025ರ ಮೇ ತಿಂಗಳ ವೇಳೆಗೆ ಅವರಲ್ಲಿ ಉಳಿದವರು 6 ಮಂದಿ ಮಾತ್ರ. ತೈವಾನಿನ ಕೊನೆಯ ಸಂತ್ರಸ್ತೆ 2023ರ ಮೇ ತಿಂಗಳಲ್ಲಿ ತೀರಿಕೊಂಡರು. ತೈಪೆಯ ಮ್ಯೂಸಿಯಂ ಖರ್ಚು ನಿಭಾಯಿಸಲಾಗದೆ 2020ರಲ್ಲಿ ತನ್ನ ಹಳೆಯ ಕಟ್ಟಡ ತೊರೆದು, ಮರುವರ್ಷ ಚಿಕ್ಕ ಜಾಗದಲ್ಲಿ ಮತ್ತೆ ತೆರೆಯಬೇಕಾಯಿತು. 'ನಾನೇ ಕಂಡೆ, ನನಗೇ ಆಯಿತು' ಎನ್ನುವವರು ಇಲ್ಲವಾಗುವ ದಿನ ಹತ್ತಿರವಿದೆ. ಅಂದಿನಿಂದ ಸಾಕ್ಷ್ಯ ಪೂರ್ತಿಯಾಗಿ ಸ್ವಯಂಸೇವಕರ ಕೈಗೆ ಬರುತ್ತದೆ.

ಆಗ ಎರಡು ಅಪಾಯಗಳಿವೆ. ಒಂದು, ಎಲ್ಲರೂ ಮರೆತುಬಿಡುವುದು. ಇನ್ನೊಂದು, ತೀರಿಹೋದವರ ಬಾಯಲ್ಲಿ ನಮಗೆ ಬೇಕಾದ ಮಾತು ಹಾಕುವುದು. ಬದುಕಿದ್ದಾಗ ಲೀ ಯೊಂಗ್-ಸೂ ಅವರಂತೆ ಎದ್ದು ನಿಂತು 'ಇದು ನನ್ನ ಮಾತಲ್ಲ' ಎನ್ನಬಹುದಿತ್ತು. ಸತ್ತ ಮೇಲೆ ಹೇಳುವವರಿಲ್ಲ. ಆದ್ದರಿಂದ ಕಾಗದಪತ್ರ ವಿಂಗಡಿಸುವ, ಸಾಕ್ಷ್ಯವನ್ನು ಒಂದಕ್ಷರ ಹೆಚ್ಚು ಕಡಿಮೆಯಾಗದಂತೆ ಅನುವಾದಿಸುವ ಸ್ವಯಂಸೇವಕಿಯ ಕೆಲಸ ಘೋಷಣೆ ಕೂಗುವವರ ಕೆಲಸಕ್ಕಿಂತ ಕಡಿಮೆಯದ್ದಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಸ್ತ್ರೀ ಸಂಘಟನೆಯವರು, ಯುವಜನರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಎಷ್ಟೋ ಸೇವೆ ಮಾಡುತ್ತಿದ್ದಾರೆ. ಟೋಕಿಯೊಗೆ ಹೋಗಿ ಬಾಗಿಲು ಕಾಯಲು ನಮಗಾಗದು. ಆದರೆ ಅಲ್ಲಿಂದ ಮೂರು ವಿಷಯಗಳನ್ನು ಕಲಿಯಬಹುದು. ನೊಂದವಳು ಮಾತನಾಡುವಾಗ ಸಲಹೆ ಕೊಡುವ ಮೊದಲು ಪೂರ್ತಿ ಕೇಳಿಸಿಕೊಳ್ಳುವುದು. ಆಕೆಯ ಅನುಮತಿಯಿಲ್ಲದೆ ಆಕೆಯ ಕಥೆಯನ್ನು, ಫೋಟೊವನ್ನು ನಮ್ಮ ವರದಿಗೂ ನಿಧಿಸಂಗ್ರಹಕ್ಕೂ ಬಳಸದಿರುವುದು. ಆಕೆಯ ಹೆಸರಿನಲ್ಲಿ ಬಂದ ಪ್ರತಿ ರೂಪಾಯಿಯ ಲೆಕ್ಕವನ್ನು ಆಕೆಗೆ ಮೊದಲು ಒಪ್ಪಿಸುವುದು.

ಕಿಮ್ ಹಾಕ್-ಸುನ್ ಸಾಕ್ಷ್ಯ ನುಡಿದ ಆಗಸ್ಟ್ 14ನ್ನು ಈಗ ಹಲವು ದೇಶಗಳಲ್ಲಿ ಈ ಮಹಿಳೆಯರ ಸ್ಮರಣೆಯ ದಿನವಾಗಿ ಆಚರಿಸುತ್ತಾರೆ. ನಮಗೆ ಅದು ನಾಜಿ ಶಿಬಿರದಲ್ಲಿ ಇನ್ನೊಬ್ಬರಿಗಾಗಿ ಪ್ರಾಣ ಕೊಟ್ಟ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹಬ್ಬದ ದಿನ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಮುನ್ನಾದಿನ. ಕೋಲ್ಬೆಯವರು ಜಪಾನಿನ ನಾಗಸಾಕಿಯಲ್ಲಿ ವರ್ಷಗಟ್ಟಲೆ ಸೇವೆ ಸಲ್ಲಿಸಿದವರು ಎಂಬುದೂ ಇಲ್ಲಿ ನೆನಪಾಗುತ್ತದೆ. ಆ ದಿನದ ಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಯುದ್ಧಗಳಲ್ಲಿ ನಲುಗಿದ ಹೆಣ್ಣುಮಕ್ಕಳಿಗಾಗಿ ಒಂದು ಕೋರಿಕೆ ಸೇರಿಸಿದರೆ ಹೆಚ್ಚಿನ ಸಮಯವೇನೂ ಹಿಡಿಯುವುದಿಲ್ಲ. ಪೂಜೆ ಮುಗಿದ ಮೇಲೆ ನಮ್ಮದೇ ವಾಳೆಯಲ್ಲಿ ಹೇಳಲಾಗದೆ ಕುಳಿತಿರುವ ಒಬ್ಬಾಕೆಯ ಮನೆಗೆ ಹೋಗಿ, ಸ್ವಲ್ಪ ಹೊತ್ತು ಕುಳಿತು ಬಂದರೆ ಇನ್ನೂ ಒಳ್ಳೆಯದು.